ಡಚ್ಚರ ಸಂವಿಧಾನ ತಿದ್ದೋದು ಜನಾನಾ, ಪಾರ್ಟಿಗಳಾ?

ಕೊಡಗಿನವ್ರಿಗೆ ಹಾಲೆಂಡ್ ಅಂದ್ರೆ ಹಾಕಿ. 1973ರ ವರ್ಲ್ಡ್‌ಕಪ್ ಫೈನಲ್‌ನಲ್ಲಿ, ಅದೂ ಅವರದೇ ಆಮ್‌ಸ್ಟಲ್‌ವೇನ್‌ನಲ್ಲಿ, ನಮ್ಮವ್ರು ಎರಡು ಗೋಲು ಮುಂದಿದ್ದು ಕೊನೆಗೆ ಪೆನಾಲ್ಟಿ ಸ್ಟ್ರೋಕಲ್ಲಿ ಸೋತಿದ್ದನ್ನ ಮೊನ್ನೆ ಆಗಿದ್ದು ಅನ್ನೋ ಹಾಗೆ ಹೊಟ್ಟೆ ಉರ್ಕೊಂಡು ಹೇಳೋ ಹಿರಿಯರು ಈಗ್ಲೂ ಇದ್ದಾರೆ. ಆದ್ರೆ ನಾನಿವತ್ತು ಹೇಳೋಕ್ ಹೊರಟಿರೋದು ಹಾಕಿ ವಿಷ್ಯ ಅಲ್ಲ, ಅವರ, ಅಂದ್ರೆ ಡಚ್ಚರ, ಸಂವಿಧಾನದ ವಿಷ್ಯ. ಸೋಮವಾರಪೇಟೆಲಿ ಕೂತ್ಕೊಂಡು ಇದೆಲ್ಲ ನಿಂಗ್ಯಾಕೆ ಅಂತ ಮನೆಲೂ ಕೇಳಿದ್ರು. ಮಳೆಗಾಲದಲ್ಲಿ ತೋಟದ ಕೆಲ್ಸ ನಿಂತಾಗ ಮನುಷ್ಯ ಏನಾದ್ರೂ ಓದ್ಬೇಕಲ್ಲ.

ಶುರುವಾಗಿದ್ದು ಅಕ್ಕನ ಮಗನಿಂದ. ಐಂಡ್‌ಹೋವನ್‌ನಲ್ಲಿ ಕೆಲ್ಸದಲ್ಲಿದ್ದಾನೆ, ಕೈಲಿರೋದು ಇಂಡಿಯಾ ಪಾಸ್‌ಪೋರ್ಟೇ. 2022ರ ಮಾರ್ಚಲ್ಲಿ ಫೋನ್ ಮಾಡಿ "ಮಾವ, ನಂಗಿಲ್ಲಿ ವೋಟ್ ಬಂದಿದೆ, ಮನೆಗೇ ಚೀಟಿ ಕಳ್ಸಿದ್ದಾರೆ" ಅಂದ. ಎಂಥ ವೋಟಾ, ನೀನೇನು ಅಲ್ಲಿಯವ್ನಾ ಅಂತ ಬೈದೆ. ಅಲ್ಲಿ ಐದು ವರ್ಷ ಕಾನೂನು ಪ್ರಕಾರ ಬಿಡದೆ ವಾಸ ಮಾಡಿದ್ರೆ ಪೌರತ್ವ ಇಲ್ದಿದ್ರೂ ಮುನಿಸಿಪಾಲಿಟಿ ಚುನಾವಣೆಲಿ ವೋಟ್ ಹಾಕ್ಬೋದಂತೆ. ಪಾರ್ಲಿಮೆಂಟಿಗೆ ಇಲ್ಲ, ಊರಿನ ಕೌನ್ಸಿಲಿಗೆ ಮಾತ್ರ. ನಮ್ಮನೆ ಊಟದ ಮೇಜಿನಷ್ಟು ದೊಡ್ಡ ಬ್ಯಾಲೆಟ್ ಪೇಪರ್, ಅದ್ರಲ್ಲಿ ಕೆಂಪು ಪೆನ್ಸಿಲಲ್ಲಿ ಒಂದು ಸೊನ್ನೆ ತುಂಬ್ಸಿ ಬಂದ ಅಷ್ಟೇ. ಈ ಹಕ್ಕಿಗೆ ದಾರಿ ಮಾಡ್ಕೊಟ್ಟಿದ್ದು ಅವರ 1983ರ ಸಂವಿಧಾನ ಪರಿಷ್ಕರಣೆ. ಅಲ್ಲಿಂದ ಹಿಡ್ದು ಹಿಂದಕ್ಕೆ ಓದ್ತಾ ಹೋದ್ರೆ ಸಿಕ್ಕಿದ್ದೆಲ್ಲ ಪಾರ್ಟಿಗಳ ಕಥೆ.

ಮೊದಲು ತಿದ್ದುಪಡಿ ಹೇಗೆ ಮಾಡ್ತಾರೆ ಅಂತ ಹೇಳ್ಬಿಡ್ತೀನಿ. ಅವ್ರಿಗೆ ಎರಡು ಸದನ, ಜನ ನೇರವಾಗಿ ಆರಿಸೋ ಕೆಳಮನೆಲಿ 150 ಜನ, ಪ್ರಾಂತ್ಯಗಳ ಕೌನ್ಸಿಲ್ ಸದಸ್ಯರು ಆರಿಸೋ ಮೇಲ್ಮನೆಲಿ 75 ಜನ. ಸಂವಿಧಾನ ತಿದ್ಬೇಕು ಅಂದ್ರೆ ಮೊದಲ್ನೇ ಸುತ್ತಲ್ಲಿ ಎರಡೂ ಕಡೆ ಸಾದಾ ಬಹುಮತ ಸಾಕು. ಆದ್ರೆ ಅಲ್ಲಿಗೆ ಮುಗಿಯಲ್ಲ, ಮಧ್ಯೆ ಕೆಳಮನೆಗೆ ಒಂದು ಚುನಾವಣೆ ಆಗ್ಬೇಕು, ಹೊಸದಾಗಿ ಬಂದವ್ರು ಅದೇ ಮಸೂದೆನ ಒಂದಕ್ಷರ ಬದಲಾಯಿಸದೆ ಮೂರನೇ ಎರಡು ಬಹುಮತದಲ್ಲಿ ಪಾಸ್ ಮಾಡ್ಬೇಕು, ಆಮೇಲೆ ಮೇಲ್ಮನೇಲೂ ಮೂರನೇ ಎರಡು ಬೇಕು. ನಮ್ಮಲ್ಲಿ ಈ ಮಧ್ಯದ ಚುನಾವಣೆ ಇಲ್ಲ, ಎರಡೂ ಸದನದಲ್ಲಿ ವಿಶೇಷ ಬಹುಮತ ಸಿಕ್ರೆ, ಕೆಲವಕ್ಕೆ ಅರ್ಧದಷ್ಟು ರಾಜ್ಯಗಳು ಹೂಂ ಅಂದ್ರೆ ಆಯ್ತು. ಅದಕ್ಕೇ ನಮ್ಮದು ನೂರು ದಾಟಿದೆ.

ಮಧ್ಯದಲ್ಲಿ ಚುನಾವಣೆ ಯಾಕಪ್ಪಾ ಅಂದ್ರೆ ಜನ ಯೋಚ್ನೆ ಮಾಡ್ಲಿ, ಈ ತಿದ್ದುಪಡಿ ಬೇಕೋ ಬೇಡ್ವೋ ಅಂತ ವೋಟಲ್ಲಿ ಹೇಳ್ಲಿ ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಆದ್ರೆ ಆಗೋದೇನು ಅಂದ್ರೆ ಈ ಚುನಾವಣೆನ ಬೇರೆಯಾಗಿ ನಡ್ಸಲ್ಲ, ಹೇಗೂ ಬರೋ ಮಾಮೂಲಿ ಪಾರ್ಲಿಮೆಂಟ್ ಚುನಾವಣೆ ಜೊತೆಗೇ ಸೇರ್ಸಿಬಿಡ್ತಾರೆ, ಅಲ್ಲಿ ಮನೆ ಬಾಡಿಗೆ, ವಲಸೆ, ಆಸ್ಪತ್ರೆ ಖರ್ಚು, ನೈಟ್ರೋಜನ್ ಮಾಲಿನ್ಯದ ನಿಯಮಗಳ ಮೇಲೆ ರೈತರ ಗಲಾಟೆ ಇವುಗಳ ಮಧ್ಯೆ ಸಂವಿಧಾನದ ನೂರಾ ಎಷ್ಟನೇದೋ ಆರ್ಟಿಕಲ್ ಯಾರ ಕಣ್ಣಿಗೆ ಬೀಳ್ಬೇಕು? ಅಕ್ಕನ ಮಗನ ಆಫೀಸಲ್ಲಿರೋ ಡಚ್ಚರನ್ನ ಕೇಳ್ಸಿದೆ, ಒಬ್ರಿಗೂ ತಾವು ಯಾವ ತಿದ್ದುಪಡಿ ಮೇಲೆ ವೋಟ್ ಹಾಕ್ತಿದೀವಿ ಅನ್ನೋದು ಗೊತ್ತಿರ್ಲಿಲ್ವಂತೆ. ಹಾಗಾಗಿ ಜನರ ಕೈಗೆ ಹೋಗ್ಬೇಕಾದ ಬೀಗದ ಕೈ ಪಾರ್ಟಿ ಆಫೀಸಲ್ಲೇ ಉಳ್ಕೊಳ್ಳುತ್ತೆ.

ತಮಾಷೆ ಏನ್ ಗೊತ್ತಾ, ಈ ಪಾರ್ಟಿಗಳ ಹೆಸ್ರೇ ಅವರ ಸಂವಿಧಾನದಲ್ಲಿಲ್ಲ. ರಾಜ ಇದ್ದಾನೆ, ಮಂತ್ರಿಗಳಿದ್ದಾರೆ, ನೀರಿನ ಮಂಡಳಿಗಳೂ ಇವೆ (ಅರ್ಧ ದೇಶ ಸಮುದ್ರದಿಂದ ತಪ್ಪಿಸ್ಕೊಂಡು ಬದುಕ್ತಿರೋದಲ್ವಾ), ರಾಜಕೀಯ ಪಕ್ಷ ಅನ್ನೋ ಮಾತು ಮಾತ್ರ ಎಲ್ಲೂ ಇಲ್ಲ. ಸದಸ್ಯರು ಯಾರ ಅಪ್ಪಣೆಗೂ ಕಟ್ಟುಬೀಳದೆ ವೋಟ್ ಹಾಕ್ತಾರೆ ಅಂತ ಬೇರೆ ಬರ್ದಿದ್ದಾರೆ. ಕಾಗದದ ಮೇಲೆ ಪಾರ್ಟಿನೇ ಇಲ್ಲ, ವ್ಯವಹಾರದಲ್ಲಿ ಪಾರ್ಟಿ ಬಿಟ್ರೆ ಇನ್ನೇನೂ ಇಲ್ಲ. ಇದ್ರಿಂದ ವಿಚಿತ್ರಗಳೂ ಆಗಿವೆ. ವಲಸೆ ವಿರೋಧಿ ನಾಯಕ ಗೀರ್ಟ್ ವಿಲ್ಡರ್ಸ್ ಅವರ ಪಿವಿವಿ ಪಕ್ಷಕ್ಕೆ ಇರೋದು ಒಬ್ಬನೇ ಸದಸ್ಯ, ವಿಲ್ಡರ್ಸೇ. ಆ ಪಕ್ಷ 2023ರ ಚುನಾವಣೆಲಿ 150ರಲ್ಲಿ 37 ಸೀಟ್ ಗೆದ್ದು ಮೊದಲ್ನೇ ಸ್ಥಾನಕ್ಕೆ ಬಂತು. ಸಾವಿರ ಸದಸ್ಯರಿಲ್ದಿದ್ರೆ ಸರ್ಕಾರದ ಸಹಾಯಧನ ಇಲ್ಲ ಅನ್ನೋ ಕಾನೂನಿದೆ, ಅವ್ರಿಗೆ ಅದೂ ಬೇಕಾಗಿಲ್ಲ. ಇನ್ನೊಂದು ಕಡೆ ಎಸ್‌ಜಿಪಿ ಅಂತ 1918ರ ಕಟ್ಟಾ ಪ್ರೊಟೆಸ್ಟೆಂಟ್ ಪಕ್ಷ, ಹೆಣ್ಣುಮಕ್ಕಳನ್ನ ಕ್ಯಾಂಡಿಡೇಟ್ ಮಾಡಲ್ಲ ಅಂತ ಹಠ ಹಿಡಿದಿದ್ದು, 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ತಪ್ಪು ಅಂದು, 2012ರಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟಲ್ಲೂ ಸೋತ ಮೇಲೇ ದಾರಿಗೆ ಬಂದಿದ್ದು.

ನಗೋ ಹಾಗಿಲ್ಲ, ನಮ್ಮ ಸಂವಿಧಾನದಲ್ಲೂ ಪಾರ್ಟಿಗಳ ಮಾತು ಬಂದಿದ್ದು 1985ರಲ್ಲೇ, ಪಕ್ಷಾಂತರ ತಡೆಯೋಕೆ ಹತ್ತನೇ ಶೆಡ್ಯೂಲ್ ಸೇರ್ಸಿದಾಗ. ಅಲ್ಲಿ ತನಕ ನಮ್ಮಲ್ಲೂ ಪಾರ್ಟಿಗಳು ಕಾಗದದಲ್ಲಿ ಇರ್ಲೇ ಇಲ್ಲ.

ಈಗ ಹಳೇ ಕಥೆಗೆ ಬರೋಣ. 1848ರಲ್ಲಿ ಯುರೋಪ್ ತುಂಬ ಕ್ರಾಂತಿ ಎದ್ದಾಗ ಅವರ ರಾಜ ಎರಡನೇ ವಿಲಿಯಂ ಹೆದರ್ಕೊಂಡು, ಒಂದೇ ರಾತ್ರಿಲಿ ಕನ್ಸರ್ವೇಟಿವ್ ಇದ್ದವ್ನು ಲಿಬರಲ್ ಆದೆ ಅಂತ ತಾನೇ ಹೇಳ್ಕೊಂಡ್ನಂತೆ. ಥೋರ್ಬೆಕೆ ಅನ್ನೋ ಪ್ರೊಫೆಸರ್ ಬರೆದ ಆ ತಿದ್ದುಪಡಿ ಇಂದ ಮಂತ್ರಿಗಳು ಸಂಸತ್ತಿಗೆ ಜವಾಬ್ದಾರರಾದ್ರು, ಕೆಳಮನೆಗೆ ನೇರ ಚುನಾವಣೆ ಬಂತು. ಆಗ ಪಾರ್ಟಿಗಳೇ ಇರ್ಲಿಲ್ಲ, ಅದಕ್ಕೇ ಅಷ್ಟು ಬೇಗ ಆಯ್ತು ಅಂತ ನಂಗನ್ಸುತ್ತೆ. ಮೊದಲ ಪಾರ್ಟಿ ಹುಟ್ಟಿದ್ದು 1879ರಲ್ಲಿ, ಅಬ್ರಹಾಂ ಕೈಪರ್ ಅನ್ನೋ ಪಾದ್ರಿ ಕಟ್ಟಿದ ಆಂಟಿ ರೆವಲ್ಯೂಷನರಿ ಪಾರ್ಟಿ. ಕ್ರಾಂತಿ ಬೇಡ ಅನ್ನೋರು ಮೊದಲು ಸಂಘಟನೆ ಆಗಿದ್ದು ನೋಡಿ.

ಆಗ ವೋಟ್ ಇದ್ದಿದ್ದು ತೆರಿಗೆ ಕಟ್ಟೋರಿಗೆ. 1883ರಲ್ಲಿ ಅಲೆಟ್ಟಾ ಜೇಕಬ್ಸ್ ಅಂತ ಒಬ್ಬ ಡಾಕ್ಟ್ರಮ್ಮ, ನಾನೂ ಅಷ್ಟು ತೆರಿಗೆ ಕಟ್ತೀನಿ, ಹೆಂಗಸರಿಗೆ ವೋಟ್ ಇಲ್ಲ ಅಂತ ಕಾನೂನಲ್ಲಿ ಎಲ್ಲಿ ಬರ್ದಿದೆ ತೋರ್ಸಿ ಅಂತ ಆಮ್‌ಸ್ಟರ್‌ಡ್ಯಾಮಲ್ಲಿ ಮತದಾರರ ಪಟ್ಟಿಗೆ ಹೆಸ್ರು ಸೇರ್ಸೋಕೆ ಹೋದ್ರು. ನಿಜಕ್ಕೂ ಎಲ್ಲೂ ಬರ್ದಿರ್ಲಿಲ್ಲ. ಕೋರ್ಟು, ಕಾನೂನಿನ ಭಾವನೆ ಗಂಡಸರು ಅಂತಾನೇ ಅಂದು ಕಳಿಸ್ತು. 1887ರ ತಿದ್ದುಪಡಿಲಿ ಏನ್ ಮಾಡಿದ್ರು ಗೊತ್ತಾ, 'ಪುರುಷ' ಅನ್ನೋ ಪದನ ಸಂವಿಧಾನದೊಳಗೇ ಸೇರ್ಸಿಬಿಟ್ರು! ಸಂವಿಧಾನ ತಿದ್ದುಪಡಿ ಅಂದ್ರೆ ಯಾವಾಗ್ಲೂ ಮುಂದಕ್ಕೆ ಹೋಗೋದು ಅಂದ್ಕೊಂಡವ್ರು ಈ ಕಥೆ ಓದ್ಬೇಕು.

ನಂಗೆ ಇದ್ರಲ್ಲೆಲ್ಲ ಜಾಸ್ತಿ ಹಿಡಿಸಿದ್ದು 1917. ಅಕ್ಕಪಕ್ಕದ ದೇಶಗಳೆಲ್ಲ ಮೊದಲ ಮಹಾಯುದ್ಧದಲ್ಲಿ ಉರೀತಿದ್ವು, ಇವ್ರು ತಟಸ್ಥ. ಒಳಗೆ ಎರಡು ಜಗಳ ದಶಕಗಳಿಂದ ಬಗೆಹರಿದಿರ್ಲಿಲ್ಲ. ಕ್ಯಾಥಲಿಕ್ ಮತ್ತೆ ಪ್ರೊಟೆಸ್ಟೆಂಟ್ ಪಕ್ಷಗಳಿಗೆ ತಮ್ಮ ಧಾರ್ಮಿಕ ಶಾಲೆಗಳಿಗೂ ಸರ್ಕಾರಿ ಶಾಲೆಗಳಷ್ಟೇ ದುಡ್ಡು ಬೇಕು. ಸೋಷಿಯಲಿಸ್ಟರಿಗೆ, ಎಡಕ್ಕಿದ್ದ ಲಿಬರಲ್ಲರಿಗೆ ಎಲ್ಲರಿಗೂ ವೋಟ್ ಬೇಕು. ಒಬ್ರದ್ದು ಇನ್ನೊಬ್ರಿಗೆ ಆಗಲ್ಲ, ಯಾರ ಹತ್ರಾನೂ ಒಂಟಿಯಾಗಿ ಮೂರನೇ ಎರಡು ಇಲ್ಲ. ಕೊನೆಗೆ ಕೋರ್ಟ್ ವಾನ್ ಡರ್ ಲಿಂಡನ್ ಅನ್ನೋ ಲಿಬರಲ್ ಪ್ರಧಾನಿ ಕಾಲದಲ್ಲಿ ಚೌಕಾಸಿ ಕುದುರ್ತು. ನಿಮ್ಮ ಶಾಲೆಗೆ ದುಡ್ಡು ತಗೊಳ್ಳಿ, ನಮಗೆ ವೋಟ್ ಕೊಡಿ. ಅದ್ರ ಜೊತೆಗೆ ಕ್ಷೇತ್ರವಾರು ಚುನಾವಣೆ ಕಿತ್ತಾಕಿ ಪಾರ್ಟಿಗೆ ಬಿದ್ದ ವೋಟಿನ ಲೆಕ್ಕದಲ್ಲಿ ಸೀಟ್ ಹಂಚೋ ಪದ್ಧತಿ ಬಂತು. ಗಂಡಸರಿಗೆಲ್ಲ ವೋಟ್ ಸಿಕ್ತು. ಹೆಂಗಸರಿಗೆ? ಚುನಾವಣೆಗೆ ನಿಲ್ಬೋದು, ಆದ್ರೆ ವೋಟ್ ಹಾಕೋ ಹಾಗಿಲ್ಲ! 1918ರಲ್ಲಿ ಸುಝೆ ಗ್ರೂನೆವೆಖ್ ಅನ್ನೋ ಸೋಷಿಯಲಿಸ್ಟ್ ಟೀಚರ್ ಹಾಗೇ ಆರಿಸಿ ಬಂದ್ರು, ತನಗೇ ತಾನು ವೋಟ್ ಹಾಕ್ಕೊಳ್ಳೋ ಹಕ್ಕಿಲ್ದೇನೇ. 1919ರಲ್ಲಿ ಕಾನೂನಿಂದ ಆ ಹಕ್ಕೂ ಬಂತು.

ಸರಿ, ಈ ಚೌಕಾಸಿಗೂ ಮಧ್ಯದ ಚುನಾವಣೆ ಆಗ್ಬೇಕಲ್ಲ. ಯುದ್ಧದ ಕಾಲ, ಯಾರಾದ್ರೂ ಗೆದ್ದು ಯಾರಾದ್ರೂ ಸೋತು ಲೆಕ್ಕ ತಪ್ಪಿದ್ರೆ ಎಲ್ಲ ಹಾಳು. ದೊಡ್ಡ ಪಾರ್ಟಿಗಳೆಲ್ಲ ಸೇರಿ ಏನ್ ಮಾಡಿದ್ರು ಅಂದ್ರೆ, ಈಗಿರೋ ಸದಸ್ಯರ ವಿರುದ್ಧ ಯಾರೂ ಕ್ಯಾಂಡಿಡೇಟ್ ಹಾಕೋದು ಬೇಡ ಅಂತ ಒಪ್ಪಂದ ಮಾಡ್ಕೊಂಡ್ರು. ಬಹುತೇಕ ಇದ್ದವ್ರೇ ವಾಪಸ್ ಬಂದು ಎರಡನೇ ಸುತ್ತು ಪಾಸ್ ಮಾಡಿದ್ರು. ಅಂದ್ರೆ ಡಚ್ಚರ ಇತಿಹಾಸದಲ್ಲೇ ಅತಿ ದೊಡ್ಡ ಪ್ರಜಾಪ್ರಭುತ್ವದ ಸುಧಾರಣೆ ಜಾರಿಯಾಗಿದ್ದು, ಜನರಿಗೆ ಆಯ್ಕೆನೇ ಇಲ್ಲದ ಒಂದು ಚುನಾವಣೆ ಮೂಲಕ. ಇದನ್ನ ಓದಿ ಪುಸ್ತಕ ಮುಚ್ಚಿಟ್ಟು ಒಂದು ಕಾಫಿ ಮಾಡ್ಕೊಂಡು ಬಂದೆ. ಒಳ್ಳೇದೋ ಕೆಟ್ಟದ್ದೋ ಹೇಳೋಕಾಗಲ್ಲ, ಆದ್ರೆ ಪಾರ್ಟಿಗಳಿಗೆಲ್ಲ ಏನಾದ್ರೂ ಸಿಗೋದಿದ್ರೆ ಎಂಥ ಗಟ್ಟಿ ಸಂವಿಧಾನಾನೂ ಬೆಣ್ಣೆ ಥರ ಆಗುತ್ತೆ ಅನ್ನೋದಂತೂ ಗ್ಯಾರಂಟಿ.

ಆ ಲೆಕ್ಕಾಚಾರದ ಪದ್ಧತಿಲಿ ಒಟ್ಟು ವೋಟನ್ನ 150ರಿಂದ ಭಾಗಿಸಿದ್ರೆ ಎಷ್ಟು ಬರುತ್ತೋ ಅಷ್ಟು ವೋಟ್ ಸಿಕ್ರೆ ಒಂದು ಸೀಟ್, 2023ರಲ್ಲಿ ಅದು ಸುಮಾರು 70 ಸಾವಿರ. 1918ರಲ್ಲಿ 17 ಪಾರ್ಟಿ ಒಳಗೆ ಬಂದಿದ್ವು, ನೂರು ವರ್ಷ ಆದ್ಮೇಲೆ 2021ರಲ್ಲೂ 17. ಕೊಡಗಿಗೆ ಈ ಪದ್ಧತಿ ಇದ್ದಿದ್ರೆ ಅಂತ ಯೋಚ್ನೆ ಬಂತು ನಂಗೆ. ಮೊದಲು ನಮ್ಗೆ ಮೂರು ಎಮ್ಮೆಲ್ಲೆ ಸೀಟಿದ್ವು, ಮಡಿಕೇರಿ ಸೋಮವಾರಪೇಟೆ ವಿರಾಜಪೇಟೆ. 2008ರ ಡಿಲಿಮಿಟೇಶನ್‌ನಲ್ಲಿ ಸೋಮವಾರಪೇಟೆ ಹೋಯ್ತು, ಈಗ 224ರಲ್ಲಿ ಎರಡು. ಲೋಕಸಭೆಗೆ ಮಂಗಳೂರಿನ ಜೊತೆ ಇದ್ದವ್ರನ್ನ ಮೈಸೂರಿಗೆ ಸೇರ್ಸಿದ್ರು. ಡಚ್ಚರ ಪದ್ಧತಿಲಿ ನಮ್ದೇ ಒಂದು ಪಾರ್ಟಿ ಮಾಡ್ಕೊಂಡು ಒಂದೋ ಎರಡೋ ಸೀಟ್ ತಗೋಬೋದಿತ್ತೇನೋ. ಆದ್ರೆ ಅಲ್ಲಿ 'ನಮ್ಮೂರ ಎಂಪಿ' ಅಂತ ಯಾರೂ ಇರಲ್ಲ, ಇಡೀ ದೇಶನೇ ಒಂದು ಕ್ಷೇತ್ರ ಇದ್ದಂಗೆ. ರಸ್ತೆ ಕೊಚ್ಕೊಂಡು ಹೋದಾಗ ಯಾರ ಮನೆ ಮುಂದೆ ನಿಂತು ಕೂಗಾಡೋದು?

ಇದೇ ಕೊರಗು ಅಲ್ಲಿಯವ್ರಿಗೂ ಇತ್ತು. 1966ರಲ್ಲಿ ಹನ್ಸ್ ವಾನ್ ಮಿರ್ಲೊ ಅನ್ನೋ ಪತ್ರಕರ್ತ ಮತ್ತವ್ರ ಗೆಳೆಯರು ಸೇರಿ ಡಿ-66 ಅಂತ ಪಕ್ಷ ಕಟ್ಟಿದ್ರು. ಈ ಹಳೇ ಪಾರ್ಟಿ ವ್ಯವಸ್ಥೆನೇ ಒಡ್ದು ಹಾಕ್ಬೇಕು, ಪ್ರಧಾನಿನ ಜನಾನೇ ಆರಿಸ್ಬೇಕು, ಜಿಲ್ಲೆವಾರು ಪ್ರತಿನಿಧಿ ಬೇಕು, ಜನಮತಗಣನೆ ಬೇಕು. ಪಾರ್ಟಿಗಳನ್ನ ಒಡೆಯೋಕೆ ಇನ್ನೊಂದು ಪಾರ್ಟಿ! ಮೂವತ್ತು ವರ್ಷ ಕಾದು ಕೊನೆಗೆ ಪ್ರಧಾನಿ ವಿಮ್ ಕೋಕ್ ಸರ್ಕಾರದಲ್ಲಿ ಲೇಬರ್ ಮತ್ತೆ ಲಿಬರಲ್ಲರ ವಿವಿಡಿ ಪಕ್ಷದ ಜೊತೆ ಸೇರಿ, ಸಂಸತ್ತು ಪಾಸ್ ಮಾಡಿದ ಕಾನೂನನ್ನ ಜನ ವೋಟ್ ಹಾಕಿ ರದ್ದು ಮಾಡ್ಬೋದು ಅನ್ನೋ ತಿದ್ದುಪಡಿನ ಮೊದಲ ಸುತ್ತು ದಾಟ್ಸಿ, ಎರಡನೇ ಸುತ್ತಲ್ಲಿ ಕೆಳಮನೆ ದಾಟ್ಸಿ, 1999ರ ಮೇ 18ರ ರಾತ್ರಿ ಮೇಲ್ಮನೆಗೆ ತಂದ್ರು. ಬೇಕಾಗಿದ್ದು 50 ವೋಟ್. ವಿವಿಡಿಯ ಹಳೇ ಹುಲಿ ಹನ್ಸ್ ವೀಗಲ್, ಒಂದು ಕಾಲದಲ್ಲಿ ಉಪಪ್ರಧಾನಿ ಆಗಿದ್ದವ್ರು, ತಮ್ಮ ಪಾರ್ಟಿನೇ ಸರ್ಕಾರದಲ್ಲಿದ್ರೂ ಎದ್ದು ನಿಂತು ವಿರೋಧ ಅಂದ್ರು. 49 ಪರ, 26 ವಿರೋಧ. ಬಿತ್ತು. ಸರ್ಕಾರಾನೂ ರಾಜೀನಾಮೆ ಕೊಡ್ತು, ಆಮೇಲೆ ಒಂದಷ್ಟು ದಿನ ಮಾತುಕತೆ ಆಗಿ ಹೇಗೋ ಅಂಟಿಸ್ಕೊಂಡು ಮುಂದುವರೀತು ಅನ್ನಿ. ಅವರ ರಾಜಕೀಯದಲ್ಲಿ ಇವತ್ತಿಗೂ ಅದಕ್ಕೆ ವೀಗಲ್ ರಾತ್ರಿ ಅಂತಾನೇ ಹೆಸ್ರು.

ಕೊಡಗಲ್ಲಿ ಜಮ್ಮಾ ಆಸ್ತಿ (ಇಡೀ ಕುಟುಂಬಕ್ಕೆ ಸೇರಿದ ಹಿರಿಯರ ಕಾಲದ ಜಮೀನು) ವಿಲೇವಾರಿ ನೋಡಿದವ್ರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಇಡೀ ಕುಟುಂಬ ಒಪ್ಪಿ, ವಕೀಲರು ಕಾಗದ ತಯಾರು ಮಾಡಿ, ಎಲ್ರೂ ಸೈನ್ ಹಾಕೋಕೆ ಬಂದು ಕೂತಿರ್ತಾರೆ, ಎಲ್ಲೋ ದೂರದಲ್ಲಿರೋ ಒಬ್ಬ ಚಿಕ್ಕಪ್ಪ ಮಾತ್ರ ನಾ ಹಾಕಲ್ಲ ಅಂತಾರೆ. ಮುಗೀತು ಅಷ್ಟೇ. ಚಿಕ್ಕಪ್ಪನ ಹತ್ರ ನ್ಯಾಯವಾದ ಕಾರಣ ಇರುತ್ತೋ ಇಲ್ವೋ ಬೇರೆ ಪ್ರಶ್ನೆ, ಕಾನೂನು ಅವ್ರಿಗೆ ಆ ಶಕ್ತಿ ಕೊಟ್ಟಿದೆ.

2005ರಲ್ಲಿ ಇನ್ನೊಂದು ರಾತ್ರಿ. ಅಲ್ಲಿ ಊರಿನ ಮೇಯರನ್ನ ಜನ ಆರಿಸಲ್ಲ, ಸರ್ಕಾರ ನೇಮಕ ಮಾಡುತ್ತೆ, ಅದು ಸಂವಿಧಾನದಲ್ಲೇ ಬರ್ದಿತ್ತು. ಆ ಸಾಲು ತೆಗೆದ್ರೆ ಮುಂದೆ ಜನಾನೇ ಮೇಯರ್ ಆರಿಸೋ ಕಾನೂನು ಮಾಡ್ಬೋದು ಅಂತ ಡಿ-66ರ ಮಂತ್ರಿ ಥಾಮ್ ಡ ಗ್ರಾಫ್ ಹೊರಟ್ರು. ಮಾರ್ಚ್ 22ರ ರಾತ್ರಿ ಮೇಲ್ಮನೆಲಿ ಲೇಬರ್ ಪಕ್ಷದ ಎಡ್ ವಾನ್ ಥೇನ್, ಅವ್ರೇ ಹಿಂದೆ ಆಮ್‌ಸ್ಟರ್‌ಡ್ಯಾಮ್ ಮೇಯರ್ ಆಗಿದ್ದವ್ರು, ಇಡೀ ತಂಡದ ಜೊತೆ ವಿರೋಧ ಹಾಕಿ ಕೆಡವಿದ್ರು. ಮಂತ್ರಿ ಮರುದಿನವೇ ರಾಜೀನಾಮೆ. ಲೇಬರ್ ಪಕ್ಷಕ್ಕೆ ಆ ಸಾಲು ತೆಗೆಯೋದ್ರಲ್ಲಿ ದೊಡ್ಡ ತಕರಾರೇನಿರ್ಲಿಲ್ಲ, ಅದ್ರ ಹಿಂದೆ ಮಂತ್ರಿ ಅವಸರದಲ್ಲಿ ತರ್ತಿದ್ದ ನೇರ ಚುನಾವಣೆ ಪ್ಲಾನ್ ಬೇಡ ಅಷ್ಟೇ. ಅದೇ ಸಾಲು 2018ರಲ್ಲಿ, ಈ ಸಲ ಡಿ-66ರ ಸಂಸದ ರಾಬ್ ಯೆಟನ್ ಕೈಯಲ್ಲಿ, ಸದ್ದಿಲ್ದೆ ಹೋಯ್ತು. ಸಾಲು ಹೋದ್ರೂ ಮೇಯರ್ ನೇಮಕ ಮಾತ್ರ ಹಳೇ ಥರಾನೇ ನಡೀತಿದೆ, ಕೌನ್ಸಿಲ್ ಹೆಸ್ರು ಕಳಿಸುತ್ತೆ ಸರ್ಕಾರ ಮೊಹರು ಒತ್ತುತ್ತೆ.

ನಮ್ದು ಇದಕ್ಕಿಂತ ಚೆಂದ. ಐದು ವರ್ಷಕ್ಕೊಮ್ಮೆ ಪಂಚಾಯ್ತಿ ಚುನಾವಣೆ ಆಗ್ಲೇಬೇಕು ಅಂತ 73ನೇ ತಿದ್ದುಪಡಿಲಿ ಕಪ್ಪು ಅಕ್ಷರದಲ್ಲಿ ಬರ್ದಿದೆ. ಕರ್ನಾಟಕದಲ್ಲಿ ಜಿಲ್ಲಾ ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಗಿದ್ದು, 2021ರಲ್ಲಿ ಅವಧಿ ಮುಗೀತು, ಆಮೇಲೆ ವರ್ಷಗಟ್ಲೆ ಮಡಿಕೇರಿಲಿ ಸದಸ್ಯರಿಲ್ಲದ ಜಿಲ್ಲಾ ಪಂಚಾಯ್ತಿನ ಆಡಳಿತಾಧಿಕಾರಿಗಳೇ ನೋಡ್ಕೊಂಡ್ರು. ಮಧ್ಯದಲ್ಲಿ ಬೇರೆ ಬೇರೆ ಪಾರ್ಟಿಯ ಸರ್ಕಾರಗಳು ಬಂದು ಹೋದ್ವು, ಈ ವಿಷ್ಯದಲ್ಲಿ ಮಾತ್ರ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಡಚ್ಚರು ಸಂವಿಧಾನ ತಿದ್ದೋಕೆ ಒದ್ದಾಡ್ತಾರೆ, ನಾವು ತಿದ್ದೋಕೆ ಒದ್ದಾಡಲ್ಲ, ತಿದ್ದಿದ್ದನ್ನ ಪಾಲಿಸೋಕೆ ಒದ್ದಾಡ್ತೀವಿ.

ಡಿ-66 ಕಥೆ ಇನ್ನೂ ಮುಗಿದಿಲ್ಲ, ಇದಂತೂ ನಾಟಕದ ಥರ ಇದೆ. ಸಂವಿಧಾನ ತಿದ್ದೋಕೆ ಆಗ್ತಿಲ್ಲ ಅಂದ್ಮೇಲೆ ಸಾದಾ ಕಾನೂನಲ್ಲೇ ಒಂದು ಸಲಹಾ ಜನಮತಗಣನೆ ತಂದ್ರು, 2015ರ ಜುಲೈಯಿಂದ ಜಾರಿ. ಮೂರು ಲಕ್ಷ ಸಹಿ ಬಂದ್ರೆ ವೋಟ್, ಶೇಕಡಾ 30 ಜನ ಹಾಕಿದ್ರೆ ಸಿಂಧು, ಆದ್ರೂ ಸರ್ಕಾರ ಒಪ್ಲೇಬೇಕು ಅಂತಿಲ್ಲ. 2016ರ ಏಪ್ರಿಲಲ್ಲಿ ಯುರೋಪ್ ಒಕ್ಕೂಟ ಉಕ್ರೇನ್ ಜೊತೆ ಮಾಡ್ಕೊಂಡ ಒಪ್ಪಂದದ ಮೇಲೆ ವೋಟಾಯ್ತು, 32 ಪರ್ಸೆಂಟ್ ಜನ ಬಂದ್ರು, ಅದ್ರಲ್ಲಿ 61 ಪರ್ಸೆಂಟ್ ಬೇಡ ಅಂದ್ರು. ಸರ್ಕಾರ ಯುರೋಪ್ ಒಕ್ಕೂಟದ ಹತ್ರ ಹೋಗಿ ಒಂದು ಸ್ಪಷ್ಟೀಕರಣದ ಕಾಗದ ಅಂಟಿಸ್ಕೊಂಡು ಬಂದು ಒಪ್ಪಂದಾನ ಒಪ್ಕೊಂಡೇಬಿಡ್ತು. 2018ರ ಮಾರ್ಚಲ್ಲಿ ಗುಪ್ತಚರ ಕಾನೂನಿನ ಮೇಲೆ ಇನ್ನೊಂದು ವೋಟು, ಅದ್ರಲ್ಲೂ ಬೇಡ ಅನ್ನೋರೇ ಸ್ವಲ್ಪ ಜಾಸ್ತಿ. ಆ ಹೊತ್ತಿಗೆ ಪಾರ್ಟಿಗಳಿಗೆ ಸಾಕಾಗಿತ್ತು. ಸಮ್ಮಿಶ್ರ ಸರ್ಕಾರದ ಒಪ್ಪಂದದಲ್ಲಿ ಈ ಕಾನೂನನ್ನೇ ರದ್ದು ಮಾಡೋದು ಅಂತ ಬರ್ಕೊಂಡ್ರು, 2018ರ ಜುಲೈಲಿ ರದ್ದೂ ಆಯ್ತು. ರದ್ದು ಮಾಡಿದ ಮಂತ್ರಿ ಕೈಸಾ ಓಲೊಂಗ್ರೆನ್, ಪಾರ್ಟಿ ಯಾವ್ದು ಹೇಳಿ? ಡಿ-66! ಜನಮತಗಣನೆಗೋಸ್ಕರ ಹುಟ್ಟಿದ ಪಾರ್ಟಿನೇ ಅದಕ್ಕೆ ಮಣ್ಣು ಹಾಕ್ತು. ಅದೂ ಸಾಲ್ದು ಅಂತ, ಈ ರದ್ದತಿ ಕಾನೂನಿನ ಮೇಲೆ ಜನಮತಗಣನೆ ಕೇಳೋ ಹಾಗಿಲ್ಲ ಅಂತ ಅದೇ ಕಾನೂನಲ್ಲಿ ಸೇರ್ಸಿದ್ರು. ಬೇಲಿನೇ ಎದ್ದು ಹೊಲ ಮೇಯ್ತು ಅನ್ನೋದು ಇದಕ್ಕೇ.

ಅದೇ ವರ್ಷ ಡಿಸೆಂಬರಲ್ಲಿ ಸಂಸದೀಯ ವ್ಯವಸ್ಥೆ ಸುಧಾರಣೆ ಬಗ್ಗೆ ನೇಮಿಸಿದ್ದ ಯೋಹಾನ್ ರೆಮ್ಕೆಸ್ ಅವರ ಆಯೋಗ ವರದಿ ಕೊಡ್ತು, ಏನಂತ? ಸರ್ಕಾರ ಪಾಲಿಸ್ಲೇಬೇಕಾದಂಥ ಜನಮತಗಣನೆ ತನ್ನಿ ಅಂತ. ಸೋಷಿಯಲಿಸ್ಟ್ ಪಾರ್ಟಿಯವ್ರು ಅಂಥದ್ದೊಂದು ತಿದ್ದುಪಡಿ ಹಿಡ್ಕೊಂಡು ಮೊದಲ ಸುತ್ತು ಗೆದ್ದು, 2022ರಲ್ಲಿ ಎರಡನೇ ಸುತ್ತಲ್ಲಿ ಕೆಳಮನೆಲೇ ಮೂರನೇ ಎರಡು ಸಿಗದೆ ಸೋತ್ರು.

ನಮ್ಮ ಕೊಡಗಿನ ವಿಷ್ಯ ಇಲ್ಲಿ ನೆನಪಾಗ್ದೆ ಇರುತ್ತಾ. ಕೊಡಗು ರಾಜ್ಯ ಅಂತ ಒಂದಿತ್ತು, ಈಗಿನ ಹುಡುಗ್ರಿಗೆ ಹೇಳಿದ್ರೆ ನಂಬಲ್ಲ. 1952ರ ಚುನಾವಣೆಲಿ 24 ಸೀಟ್, ಕಾಂಗ್ರೆಸ್‌ಗೆ 15, ಮೈಸೂರಿನ ಜೊತೆ ವಿಲೀನ ಬೇಡ ಅಂತಿದ್ದ ತಕ್ಕಡಿ ಪಾರ್ಟಿ ಕಡೆಯವ್ರೂ ಸೇರಿ ಪಕ್ಷೇತರರಿಗೆ 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿ ಹೋಯ್ತು. ಆ ಚುನಾವಣೆನೇ ಒಂಥರಾ ಜನಮತಗಣನೆ, ಜನ ಕಾಂಗ್ರೆಸ್ಸಿಗೆ ಹಾಕಿದ್ರು ಅಂದ್ಮೇಲೆ ಇನ್ನೇನು ಅನ್ನೋ ವಾದ ಇದೆ, ಕಾಂಗ್ರೆಸ್ಸಿಗೆ ಹಾಕಿದ್ದು ಗಾಂಧಿ ನೆಹರೂ ಹೆಸ್ರಿಗೆ, ವಿಲೀನಕ್ಕಲ್ಲ ಅನ್ನೋ ವಾದಾನೂ ಇದೆ. ನಂಗೆ ಎರಡನೇದ್ರಲ್ಲಿ ಹೆಚ್ಚು ಹುರುಳಿದೆ ಅನ್ಸುತ್ತೆ. ವಿಲೀನ ಸರಿನೋ ತಪ್ಪೋ ಅಂತ ಜಗಳಕ್ಕೆ ಬರ್ಬೇಡಿ, ನಾ ಹೇಳ್ತಿರೋದು ಬೇರೆ. ಪಾರ್ಟಿಗೆ ಹಾಕೋ ಒಂದೇ ಒಂದು ವೋಟಲ್ಲಿ ಹತ್ತು ಪ್ರಶ್ನೆಗೆ ಉತ್ತರ ಇದೆ ಅಂತ ಓದ್ಕೊಳ್ಳೋದು ಪಾರ್ಟಿಗಳ ಹಳೇ ಚಾಳಿ. ಡಚ್ಚರ ಮಧ್ಯದ ಚುನಾವಣೆಲಿ ಆಗೋದೂ ಅದೇ. ನಮ್ಮ ಸಂವಿಧಾನದ ಮೂರನೇ ಆರ್ಟಿಕಲ್ ಪ್ರಕಾರ ರಾಜ್ಯದ ಗಡಿ ಬದಲಾಯಿಸೋಕೆ ಸಂಸತ್ತಿನ ಸಾದಾ ಬಹುಮತ ಸಾಕು, ಆ ರಾಜ್ಯದ ಶಾಸನಸಭೆನ ಅಭಿಪ್ರಾಯ ಕೇಳ್ಬೇಕು, ಒಪ್ಪಿಗೆ ಬೇಕಾಗಿಲ್ಲ. ಜನರನ್ನ ಕೇಳೋ ಮಾತಂತೂ ಎಲ್ಲೂ ಇಲ್ಲ.

ಹಾಗಂತ ಡಚ್ಚರಲ್ಲಿ ಏನೂ ಪಾಸೇ ಆಗಲ್ಲ ಅಂತಲ್ಲ. 1983ರಲ್ಲಿ ಇಡೀ ಸಂವಿಧಾನನ ಹೊಸದಾಗಿ ಜೋಡ್ಸಿದ್ರು, ಸಮಾನತೆನ ಮೊದಲ್ನೇ ಆರ್ಟಿಕಲ್ ಮಾಡಿದ್ರು. 2022ರಲ್ಲಿ ನ್ಯಾಯಯುತ ವಿಚಾರಣೆಯ ಹಕ್ಕು ಬಂತು, ಕಾಗದದ ಗುಟ್ಟು ಕಾಪಾಡೋ ಹಳೇ ಸಾಲಿಗೆ ಇಮೇಲ್ ಫೋನ್ ಎಲ್ಲ ಒಳಗಾಯ್ತು. 2023ರ ಜನವರಿಲಿ ಅಂಗವೈಕಲ್ಯ ಮತ್ತೆ ಲೈಂಗಿಕ ಒಲವಿನ ಮೇಲೆ ಭೇದ ಮಾಡೋ ಹಾಗಿಲ್ಲ ಅನ್ನೋದನ್ನ ಮೊದಲ್ನೇ ಆರ್ಟಿಕಲ್‌ಗೆ ಸೇರ್ಸೋಕೆ ಮೇಲ್ಮನೆ ಒಪ್ತು. ಇವೆಲ್ಲ ಒಳ್ಳೇವೇ. ಆದ್ರೆ ಪಟ್ಟಿ ನೋಡಿ, ಇವುಗಳಲ್ಲಿ ಒಂದಾದ್ರೂ ಪಾರ್ಟಿಗಳ ಬುಡಕ್ಕೆ ಬರೋದಿದ್ಯಾ? ಮೇಯರನ್ನ ಜನ ಆರಿಸೋದು, ಕಾನೂನನ್ನ ಜನ ತಳ್ಳಿಹಾಕೋದು, ಇವೆಲ್ಲ ಎಲ್ಲೆಲ್ಲಿ ಸತ್ತವು ಅಂತ ಮೇಲೆ ಹೇಳಿದ್ದೀನಿ.

ಇನ್ನೊಂದು ಉಳ್ದಿದೆ, ಕೋರ್ಟು. ಅಲ್ಲಿನ 120ನೇ ಆರ್ಟಿಕಲ್ ಪ್ರಕಾರ ಸಂಸತ್ತಿನ ಕಾನೂನು ಸಂವಿಧಾನಕ್ಕೆ ವಿರುದ್ಧ ಇದ್ಯಾ ಅಂತ ಜಡ್ಜ್‌ಗಳು ನೋಡೋ ಹಾಗೇ ಇಲ್ಲ. ಅಂತಾರಾಷ್ಟ್ರೀಯ ಒಪ್ಪಂದಗಳಿಗೆ ಹೋಲಿಸಿ ನೋಡ್ಬೋದು, ಸ್ವಂತ ಸಂವಿಧಾನಕ್ಕೆ ಮಾತ್ರ ಇಲ್ಲ. ಸಂವಿಧಾನದ ತಿದ್ದುಪಡಿನೂ ಕೋರ್ಟು ರದ್ದು ಮಾಡ್ಬೋದು ಅಂದ ಕೇಶವಾನಂದ ಭಾರತಿ ಕೇಸ್ ಓದಿ ಬೆಳೆದ ನಮಗೆ ಇದು ನಂಬೋಕೇ ಆಗಲ್ಲ. ಗ್ರೂನ್‌ಲಿಂಕ್ಸ್ (ಗ್ರೀನ್ ಲೆಫ್ಟ್) ಪಕ್ಷದ ಫೆಮ್ಕೆ ಹಲ್ಸೆಮಾ 2002ರಲ್ಲಿ ಇದನ್ನ ಬದಲಾಯಿಸೋ ಮಸೂದೆ ತಂದ್ರು, 2008ರಲ್ಲಿ ಮೇಲ್ಮನೆಲಿ 37ಕ್ಕೆ 36ರಲ್ಲಿ ಮೊದಲ ಸುತ್ತು ದಾಟ್ತು, ಎರಡನೇ ಸುತ್ತು ಕೊನೆಗೂ ಮುಗೀಲೇ ಇಲ್ಲ. ಮಕ್ಕಳ ಪಾಲನೆ ಭತ್ಯೆಲಿ ಸಾವಿರಾರು ಬಡ ಕುಟುಂಬಗಳನ್ನ ಮೋಸಗಾರರು ಅಂತ ಹೇಳಿ ಸಾಲಕ್ಕೆ ತಳ್ಳಿದ ಹಗರಣದಿಂದ 2021ರ ಜನವರಿಲಿ ಪ್ರಧಾನಿ ಮಾರ್ಕ್ ರುಟ್ಟೆ ಸರ್ಕಾರ ರಾಜೀನಾಮೆ ಕೊಟ್ಟ ಮೇಲೆ ಈ ಮಾತು ಮತ್ತೆ ಎದ್ದಿತು. ಆ ಹಗರಣ ಬಯಲಿಗೆ ತಂದವ್ರಲ್ಲಿ ಒಬ್ರಾದ ಪೀಟರ್ ಓಮ್ಟ್‌ಸಿಕ್ಟ್ 2023ರಲ್ಲಿ ಹೊಸ ಪಕ್ಷ ಕಟ್ಟಿ, ಸಂವಿಧಾನ ಕೋರ್ಟ್ ತರ್ತೀವಿ, ಚುನಾವಣೆ ಪದ್ಧತಿ ಬದಲಾಯಿಸ್ತೀವಿ ಅಂತ್ಲೇ ಪ್ರಚಾರ ಮಾಡಿ 20 ಸೀಟ್ ಗೆದ್ರು. ಅವರ ಪಕ್ಷ ಸರ್ಕಾರಕ್ಕೂ ಸೇರ್ತು. 2025ರ ಜೂನಲ್ಲಿ ವಿಲ್ಡರ್ಸ್ ಕೈಕೊಟ್ಟು ಸರ್ಕಾರ ಬಿತ್ತು, ಅಕ್ಟೋಬರ್ ಚುನಾವಣೆಲಿ ಓಮ್ಟ್‌ಸಿಕ್ಟ್ ಕಟ್ಟಿದ ಪಕ್ಷಕ್ಕೆ ಸಿಕ್ಕಿದ್ದು ಸೊನ್ನೆ. ಮೊದಲ ಸ್ಥಾನಕ್ಕೆ ಬಂದಿದ್ದು, ನಗ್ಬೇಡಿ, ಯೆಟನ್ ಅವರ ಡಿ-66.

ಇಷ್ಟೆಲ್ಲ ಆದ್ಮೇಲೂ ನಂಗೆ ಡಚ್ಚರ ಮೇಲೆ ಹೊಟ್ಟೆಕಿಚ್ಚಾಗೋದು ಒಂದೇ ವಿಷ್ಯಕ್ಕೆ, ಆ ವೀಗಲ್. ಅವ್ರು ಹಾಕಿದ ವೋಟು ನಂಗಿಷ್ಟ ಆಗ್ಲಿಲ್ಲ, ಆ ಜನಮತಗಣನೆ ಬರ್ಬೇಕಿತ್ತು. ಆದ್ರೆ ಅವ್ರು ಹಾಗೆ ಹಾಕೋಕಾಯ್ತಲ್ಲ, ಹಾಕಿದ ಮೇಲೂ ಸದಸ್ಯರಾಗೇ ಮನೆಗೆ ಹೋದ್ರಲ್ಲ, ಅದು. ನಮ್ಮಲ್ಲಿ ವಿಪ್ ಮೀರಿದ್ರೆ ಸೀಟೇ ಹೋಗುತ್ತೆ, ಸಂವಿಧಾನ ತಿದ್ದುಪಡಿ ಆದ್ರೂ ಅಷ್ಟೇ, ವೋಟ್ ಆನ್ ಅಕೌಂಟ್ ಆದ್ರೂ ಅಷ್ಟೇ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು, ಈ ಅನರ್ಹತೆನ ವಿಶ್ವಾಸಮತದಂಥ ವಿಷ್ಯಕ್ಕೆ ಮಾತ್ರ ಇಟ್ಕೊಳ್ಳಿ ಅಂತ. ಯಾವ ಪಾರ್ಟಿನೂ ಕೈ ಹಾಕ್ಲಿಲ್ಲ, ಯಾಕ್ ಹಾಕ್ತಾರೆ? ಕನಿಷ್ಠ ಸಂವಿಧಾನ ತಿದ್ದುಪಡಿಗಾದ್ರೂ ವಿಪ್ ಇರ್ಬಾರ್ದು ಅಂತ ನಾನು ಅಕ್ಕನ ಮಗನ ಹತ್ರ ವಾದ ಮಾಡಿದ್ರೆ ಅವ್ನು "ಮಾವ, 2019ರಲ್ಲಿ ಕರ್ನಾಟಕದಲ್ಲಿ 17 ಜನ ಎಮ್ಮೆಲ್ಲೆಗಳು ಏನ್ ಮಾಡಿದ್ರು ಮರ್ತೋಯ್ತಾ, ವಿಪ್ ಇದ್ದೂ ಹಂಗೆ, ಇಲ್ದಿದ್ರೆ ಹೆಂಗೆ" ಅಂತ ಕೇಳ್ದ. ಅದಕ್ಕೆ ನನ್ನ ಹತ್ರ ಸರಿಯಾದ ಉತ್ತರ ಇರ್ಲಿಲ್ಲ. ಸರ್ಕಾರ ಉರುಳ್ಸೋ ವೋಟು ಬೇರೆ, ಸಂವಿಧಾನ ಬದಲಾಯಿಸೋ ವೋಟು ಬೇರೆ, ಎರಡಕ್ಕೂ ಒಂದೇ ಹಗ್ಗ ಯಾಕೆ ಅಂದೆ. ಅವ್ನು ಒಪ್ಲಿಲ್ಲ, ದುಡ್ಡು ಎರಡೂ ಕಡೆ ಕೆಲ್ಸ ಮಾಡುತ್ತೆ ಅಂದ.